ಮುಖವಾಡಕ್ಕೆ ಕೊಟ್ಟ ಅಳತೆ

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿರುವ ರಜನಿಯ ಹತ್ತಿರ ರವಿಕೆ ಹೊಲಿಸಿಕೊಂಡ ಹೆಂಗಸರಿಗೆಲ್ಲ ಒಂದು ವಿಷಯ ಗೊತ್ತು. ಟೇಪು ಹಿಡಿದು ಎದುರಿಗೆ ನಿಂತ ತಕ್ಷಣ ಅವಳು ಅಳತೆ ತೆಗೆಯುವುದಿಲ್ಲ. ಮೊದಲು ಮಾತಿಗೆ ಎಳೆಯುತ್ತಾಳೆ. ಊರಿಂದ ಯಾರು ಬಂದಿದ್ದಾರೆ, ಮಗಳ ಪರೀಕ್ಷೆ ಏನಾಯಿತು, ಟೂಟಿಂಗಿನ ಆ ಹೋಟೆಲಿನಲ್ಲಿ ದೋಸೆ ಈಚೆಗೆ ಯಾಕೆ ಅಷ್ಟು ದಪ್ಪ. ಎದುರಿಗೆ ನಿಂತವರು ಮಾತಿನ ಭರದಲ್ಲಿ ಹೊಟ್ಟೆ ಒಳಗೆಳೆದುಕೊಂಡಿದ್ದನ್ನು ಮರೆತು ಮೆಲ್ಲಗೆ ಉಸಿರು ಬಿಡುತ್ತಾರೆ. ಅಷ್ಟು ಹೊತ್ತಿಗೆ ಟೇಪು ಅವರ ಮೈ ಸುತ್ತಿ ಬಂದು, ಪುಸ್ತಕದಲ್ಲಿ ನಂಬರು ಕೂತಿರುತ್ತದೆ. ಟೇಪಿನ ಮುಂದೆ ಎಲ್ಲರೂ ಎರಡಿಂಚು ಸುಳ್ಳು ಹೇಳುತ್ತಾರೆ, ಆ ಎರಡಿಂಚು ಆಮೇಲೆ ಕಂಕುಳಲ್ಲಿ ಹರಿಯುತ್ತದೆ ಎನ್ನುವುದು ಅವಳ ಅನುಭವ.

ಮೈಸೂರಿನ ನಂಜುಮಳಿಗೆಯಲ್ಲಿ ಹುಟ್ಟಿ, ಎಸ್ಸೆಸ್ಸೆಲ್ಸಿ ಮುಗಿಸಿ, ಹೊಲಿಗೆ ಕ್ಲಾಸಿಗೆ ಸೇರಿ, ಮದುವೆಯಾದ ವರ್ಷವೇ ಲಂಡನ್ನಿಗೆ ಬಂದವಳು ರಜನಿ. ಗಂಡ ವೇಣುಗೋಪಾಲ ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ಬಂದ ಹೊಸದರಲ್ಲಿ ಕನ್ನಡದವರ ಒಂದು ಹಬ್ಬದೂಟಕ್ಕೆ ಹೋದಾಗ, ರೇಷ್ಮೆ ಸೀರೆಯುಟ್ಟ ಡಾಕ್ಟರೊಬ್ಬರ ರವಿಕೆ ಭುಜದಿಂದ ಜಾರಿ ಜಾರಿ ಬೀಳುತ್ತಿತ್ತು. ರಜನಿ ಸುಮ್ಮನೆ ಅವರ ಹಿಂದೆ ಹೋಗಿ ನಿಂತು ಎರಡು ಪಿನ್ನು ಹಾಕಿ, ಮನೆಗೆ ಕಳಿಸಿಕೊಡಿ, ಸರಿ ಮಾಡಿಕೊಡ್ತೀನಿ ಅಂದಳು. ಆ ಡಾಕ್ಟರು ಸ್ಟ್ಯಾನ್ಮೋರಿನ ಅಂಬುಜಾ. ಧಾರವಾಡದವರು, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಕೆಲಸ. ಅಂದಿನಿಂದ ಇಂದಿನವರೆಗೆ ಅವರು ಬೇರೆಯವರ ಕೈಯಲ್ಲಿ ರವಿಕೆ ಹೊಲಿಸಿದ್ದಿಲ್ಲ. ಅವರ ಹಿಂದೆ ಡಾಕ್ಟರುಗಳ ಮನೆಯವರೆಲ್ಲ ಬಂದರು, ಅವರ ಹಿಂದೆ ಕಂಪ್ಯೂಟರ್ ಕೆಲಸದ ಹುಡುಗಿಯರು ಬಂದರು. ಗ್ರೀನ್‌ಫರ್ಡಿನ ಆ ಮನೆಯ ಮುಂದಿನ ಕೋಣೆಯ ಕಿಟಕಿ ಪಕ್ಕದ ಮಿಷನ್ನು ಮೂವತ್ತೈದು ವರ್ಷದಲ್ಲಿ ಸುಮ್ಮನೆ ಕೂತಿದ್ದು ಒಂದೇ ಒಂದು ಸಲ. ಎಂಟು ವರ್ಷದ ಹಿಂದೆ, ಅವಳ ಎದೆಯಲ್ಲಿ ಕ್ಯಾನ್ಸರು ಬಂದು ಆರು ತಿಂಗಳು ಔಷಧಿ ನಡೆದಾಗ. ಅದು ವಾಸಿಯಾಯಿತು. ಉದುರಿದ ಕೂದಲು ಮಾತ್ರ ಮೊದಲಿನಷ್ಟು ಬರಲಿಲ್ಲ.

ಹೋದ ಜುಲೈನಲ್ಲಿ ಅಂಬುಜಾ ಹೊಸ ರವಿಕೆಯೊಂದನ್ನು ವಾಪಸ್ಸು ತಂದರು. ಮಿಷನ್ನಿನ ಮೇಲೆ ಹರಡಿ, ಎಡತೋಳಿನ ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ನಿನ್ನ ಹೊಲಿಗಿ ಅಲ್ಲ ಅಂದರು. ರಜನಿ ನೋಡಿದಳು. ಹೊಲಿಗೆ ನಡುದಾರಿಯಲ್ಲಿ ಒಂದು ಕಡೆ ವಾಲಿ, ಮತ್ತೆ ತಿದ್ದಿಕೊಂಡು, ಮತ್ತೆ ವಾಲಿತ್ತು. ಎಡಗೈ ಈಚೆಗೆ ಬಟ್ಟೆಯನ್ನು ಸರಿಯಾಗಿ ಹಿಡಿಯುತ್ತಿಲ್ಲ, ವಯಸ್ಸಾಯಿತಲ್ಲ, ಅರವತ್ತೆರಡು ಎಂದು ನಗಲು ಹೋದಳು. ಅಂಬುಜಾ ನಗಲಿಲ್ಲ.

"ಎರಡೂ ಕೈ ಮುಂದ ಚಾಚು, ಅಂಗೈ ಮ್ಯಾಲೆ ಮಾಡು. ಈಗ ಕಣ್ಣು ಮುಚ್ಚು."

ರಜನಿ ಕಣ್ಣು ಮುಚ್ಚಿ ನಿಂತಳು. ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈಯೊಡ್ಡಿದ ಹಾಗಿದೆ ಎಂದು ಮನಸ್ಸಿನಲ್ಲೇ ನಕ್ಕಳು. ಕಣ್ಣು ಬಿಟ್ಟಾಗ ಬಲಗೈ ಇದ್ದಲ್ಲೇ ಇತ್ತು, ಎಡಗೈ ಅವಳಿಗೆ ಗೊತ್ತೇ ಆಗದ ಹಾಗೆ ಒಂದು ಗೇಣು ಕೆಳಗಿಳಿದು ಒಳಕ್ಕೆ ತಿರುಗಿತ್ತು. ಅಂಬುಜಾ ಕಾರಿನ ಕೀಲಿ ತೆಗೆದುಕೊಂಡು, ನಡಿ, ಚಪ್ಪಲಿ ಹಾಕ್ಕೋ ಅಂದರು.

ಅವತ್ತೇ ತಲೆಯ ಸ್ಕ್ಯಾನ್ ಆಯಿತು. ಎಂಟು ವರ್ಷದ ಹಿಂದಿನ ಕ್ಯಾನ್ಸರಿನ ಒಂದು ಕಾಳು ರಕ್ತದಲ್ಲಿ ಹೋಗಿ ಮಿದುಳಿನ ಬಲಭಾಗದಲ್ಲಿ ಕೂತು, ಮೂರೂವರೆ ಸೆಂಟಿಮೀಟರ್ ಬೆಳೆದಿತ್ತು. ಅದು ಕೂತಿದ್ದೂ ಎಲ್ಲಿ, ಎಡಗೈಯನ್ನು ಆಡಿಸುವ ಜಾಗದ ಮಗ್ಗುಲಲ್ಲೇ. ಬೇರೆಲ್ಲೂ ಏನೂ ಇರಲಿಲ್ಲ, ಅದೊಂದು ಪುಣ್ಯ. ಊತ ಇಳಿಸಲು ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ಅದನ್ನು ತಿಂದು ಕೈ ಸ್ವಲ್ಪ ಚುರುಕಾಯಿತು, ಹಸಿವು ಮಾತ್ರ ವಿಪರೀತವಾಯಿತು. ಬೆಳಿಗ್ಗೆ ಆರಕ್ಕೇ ಎದ್ದು ಉಪ್ಪಿಟ್ಟು ಕೇಳುವ ಹೆಂಡತಿಯನ್ನು ವೇಣುಗೋಪಾಲ ಮೊದಲ ಸಲ ನೋಡಿದ.

ಊರ ನಡುವಿನ ದೊಡ್ಡ ಆಸ್ಪತ್ರೆಯಲ್ಲಿ ಹೆಲೆನ್ ಎನ್ನುವ ಡಾಕ್ಟರು ನಿಧಾನವಾಗಿ ವಿವರಿಸಿದರು. ತಲೆ ತೆರೆದು ಗಡ್ಡೆ ತೆಗೆಯಬಹುದು, ಆದರೆ ಕೈಯ ಜಾಗಕ್ಕೆ ಅದು ಅಷ್ಟು ಹತ್ತಿರ ಇರುವುದರಿಂದ ಸರ್ಜನ್ನರಿಗೆ ಧೈರ್ಯವಿಲ್ಲ. ಉಳಿದದ್ದು ಕಿರಣ. ಇಡೀ ತಲೆಗಲ್ಲ, ಸುತ್ತಲಿಂದ ಕಿರಣಗಳನ್ನು ತಂದು ಗಡ್ಡೆಯ ಮೇಲೆ ಮಾತ್ರ ಕೂಡಿಸುವ ಚಿಕಿತ್ಸೆ. ಅದರಲ್ಲಿ ಎರಡು ಬಗೆ. ತಲೆಗೆ ಲೋಹದ ಚೌಕಟ್ಟು ತಿರುಪಿನಿಂದ ಬಿಗಿದು ಒಂದೇ ದಿನದಲ್ಲಿ ಎಲ್ಲ ಮುಗಿಸುವುದು ಒಂದು. ಮುಖಕ್ಕೆ ಅಚ್ಚಾಗಿ ಕೂರುವ ಮುಖವಾಡ ತೊಡಿಸಿ, ದಿನ ಬಿಟ್ಟು ದಿನದಂತೆ ಐದು ಸಲ ಸ್ವಲ್ಪ ಸ್ವಲ್ಪ ಕೊಡುವುದು ಇನ್ನೊಂದು. ಯೋಚಿಸಿ, ಮುಂದಿನ ವಾರ ಬಂದು ಹೇಳಿ, ಏನು ಬೇಕಾದರೂ ಕೇಳಿ ಎಂದರು.

ರಜನಿಗೆ ಯೋಚಿಸುವುದೇನೂ ಇರಲಿಲ್ಲ. ಒಂದೇ ದಿನದ್ದೇ ಸರಿ. ಗಣೇಶನ ಹಬ್ಬಕ್ಕೆ ಹನ್ನೊಂದು ರವಿಕೆ ಕತ್ತರಿಸಿಟ್ಟಿದ್ದಳು. ಆಸ್ಪತ್ರೆಯ ವಾಸನೆ ಐದು ಸಲ ಯಾರಿಗೆ ಬೇಕು.

ಭಾನುವಾರ ಮಗಳು ಪ್ರಾಚಿ ಲ್ಯಾಪ್‌ಟಾಪ್ ಹೊತ್ತು ಬಂದಳು. ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವವಳು, ಎರಡು ಚಿಕಿತ್ಸೆಗಳನ್ನೂ ಎದುರುಬದುರು ಇಟ್ಟು ಹಸಿರು ಕೆಂಪು ಬಣ್ಣದ ದೊಡ್ಡ ಪಟ್ಟಿ ಮಾಡಿಕೊಂಡಿದ್ದಳು. ಅಂಬುಜಾ ಕೂಡ ಬಂದಿದ್ದರು. ಅಡುಗೆಮನೆಯ ಮೇಜಿನ ಮೇಲೆ ವಾದ ಶುರುವಾಯಿತು. ಅಂಬುಜಾ ಒಂದೇ ದಿನದ ಕಡೆ. ನನ್ನ ಕಾಲದಲ್ಲಿ ಅಂಥವರನ್ನು ಎಷ್ಟೋ ನೋಡಿದ್ದೇನೆ, ಬೆಳಿಗ್ಗೆ ಬಂದು ಸಂಜೆ ಚಹಾ ಕುಡಿದು ಮನೆಗೆ ಹೋದರು ಎಂದರು. ಪ್ರಾಚಿ ಐದು ದಿನದ ಕಡೆ. ಆಂಟಿ, ಪ್ಲೀಸ್, ಅಮ್ಮನ ಗಡ್ಡೆ ಸೈಜ್ ನೋಡಿ ಎಂದು ಪರದೆಯನ್ನು ಅವರ ಕಡೆ ತಿರುಗಿಸಿದಳು. ಅಂಬುಜಾ ಕನ್ನಡಕ ಏರಿಸಿಕೊಂಡು, ಈ ಪಟ್ಟಿಯಾಗ ಒಂದ ದಿನದವರೂ ಚಲೋನೇ ಅದಾರಲ್ಲ ಎಂದರು. ವೇಣುಗೋಪಾಲ ಇಬ್ಬರಿಗೂ ಕಾಫಿ ಕೊಟ್ಟು, ಇಬ್ಬರ ಮಾತಿಗೂ ಹೌದು ಹೌದು ಅಂದ.

ರಜನಿ ಅವರೆಕಾಳು ಹಿದುಕುತ್ತ ಕೂತು ಕೇಳಿಸಿಕೊಂಡಳು. ಕೇಳಿಸಿಕೊಳ್ಳುವುದು ಅವಳ ಕಸುಬಿನ ಅರ್ಧಭಾಗ. ಕೇಳುತ್ತ ಕೇಳುತ್ತ ಅವಳಿಗೆ ಒಂದು ಅನುಮಾನ ಬಂತು. ಪಟ್ಟಿಯಲ್ಲಿ ಜನ ಇದ್ದರು, ಅವರವರ ಗಡ್ಡೆಯ ಅಳತೆ ಎಲ್ಲಿ?

ಮುಂದಿನ ವಾರ ಹೆಲೆನ್ ಎದುರಿಗೆ ಕೂತು ತನ್ನ ಇಂಗ್ಲಿಷಿನಲ್ಲಿ ಅದನ್ನೇ ಕೇಳಿದಳು. ಒಂದೇ ದಿನದಲ್ಲಿ ಮುಗಿಸಿಕೊಂಡು ಚೆನ್ನಾಗಿರುವವರ ಗಡ್ಡೆ ನನ್ನದರಷ್ಟೇ ದೊಡ್ಡದಿತ್ತಾ? ಮೂವತ್ತೆರಡಿಂಚಿನ ಮೈಗೂ ನಲವತ್ತೆರಡಿಂಚಿನ ಮೈಗೂ ಹೊಲಿದ ರವಿಕೆಗಳನ್ನು ಪಕ್ಕಪಕ್ಕ ಇಟ್ಟು ಯಾವುದು ಚೆಂದ ಅಂದರೆ ನಾನು ಹೇಗೆ ಹೇಳಲಿ?

ಹೆಲೆನ್ ಪೆನ್ನು ಕೆಳಗಿಟ್ಟರು. ಪಾಠ ಹೇಳುವಾಗ ನನ್ನ ವಿದ್ಯಾರ್ಥಿಗಳಿಂದ ಈ ಪ್ರಶ್ನೆಗೆ ಕಾಯುತ್ತೇನೆ ಎಂದು ನಕ್ಕು, ಕುರ್ಚಿ ಹತ್ತಿರ ಎಳೆದುಕೊಂಡರು. ಒಂದೇ ದಿನದ ಚಿಕಿತ್ಸೆಯ ಒಳ್ಳೆಯ ಫಲಗಳು ಹೆಚ್ಚಿನವು ಚಿಕ್ಕ ಗಡ್ಡೆಗಳವು. ಗಡ್ಡೆ ದೊಡ್ಡದಾದಷ್ಟೂ ಒಂದೇ ಸಲ ಪೂರ್ತಿ ಕಿರಣ ಕೊಟ್ಟರೆ ಪಕ್ಕದ ಒಳ್ಳೆಯ ಮಿದುಳು ಬೆಂದು, ಆಮೇಲೆ ಊದಿಕೊಳ್ಳುವ ಭಯ. ಅದಕ್ಕೆಂದು ಕಡಿಮೆ ಮಾಡಿದರೆ ಗಡ್ಡೆ ಮತ್ತೆ ಚಿಗುರುವ ಭಯ. ಐದು ಸಲಕ್ಕೆ ಹಂಚಿದರೆ ಒಟ್ಟು ಹೆಚ್ಚು ಕೊಡಬಹುದು, ನಡುನಡುವೆ ಒಳ್ಳೆಯ ಮಿದುಳು ಸುಧಾರಿಸಿಕೊಳ್ಳುತ್ತದೆ. ದೊಡ್ಡ ಗಡ್ಡೆಗಳಲ್ಲಿ ಇಲ್ಲಿಯವರೆಗೆ ಕಂಡದ್ದು ಈ ಕಡೆಗೇ ವಾಲುತ್ತದೆ. ಆದರೆ ಒಂದೇ ಅಳತೆಯವರನ್ನು ಎರಡು ಗುಂಪು ಮಾಡಿ ಸಮಸಮ ತೂಗಿ ನೋಡಿದ್ದು ಇನ್ನೂ ಕಡಿಮೆ, ಆದ್ದರಿಂದ ಖಂಡಿತ ಎಂದು ಹೇಳಲಾರೆ ಎಂದರು. ಕೈ ಉಳಿಯುತ್ತದಾ ಎಂದು ರಜನಿ ಕೇಳಿದಳು. ಉಳಿಸುವ ಅವಕಾಶ ಐದರಲ್ಲಿ ಹೆಚ್ಚು ಅಂತ ನನಗನ್ನಿಸುತ್ತದೆ ಎಂದು ಹೆಲೆನ್ ಹೇಳಿದರು.

ಖಂಡಿತ ಎನ್ನದ ಆ ಮಾತೇ ರಜನಿಗೆ ಹಿಡಿಸಿತು. ಹೊರಗೆ ಬಂದು ಅಂಬುಜಾಗೆ ಫೋನು ಮಾಡಿ, ತಾನು ಕೇಳಿದ್ದನ್ನೂ ಹೆಲೆನ್ ಹೇಳಿದ್ದನ್ನೂ ತಿಳಿಸಿ, ಐದು ಸಲದ್ದೇ ಮಾಡಿಸ್ತೀನಿ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ ಅಂದಳು. ಅಂಬುಜಾ, ಆ ಪ್ರಶ್ನೆ ನಾ ಕೇಳಬೇಕಾಗಿತ್ತು ಎಂದರು. ಹನ್ನೊಂದು ರವಿಕೆಯವರಿಗೆ ಪ್ರಾಚಿ ಒಂದೇ ಮೆಸೇಜು ಕಳಿಸಿದಳು, ಹಬ್ಬಕ್ಕೆ ಹಳೆಯದನ್ನೇ ತೊಟ್ಟುಕೊಳ್ಳಿ ಎಂದು.

ಮುಖವಾಡದ ಅಚ್ಚು ತೆಗೆಯುವ ದಿನ ಮೂಗುತಿಯದೇ ದೊಡ್ಡ ಗಲಾಟೆಯಾಯಿತು. ಮದುವೆಯಲ್ಲಿ ಹಾಕಿದ್ದು, ಅಲ್ಲಿಂದ ಬಿಚ್ಚಿದ್ದೇ ಇಲ್ಲ. ತಿರುಪು ಹಿಡಿದುಕೊಂಡು ಬಿಟ್ಟಿತ್ತು. ಆಸ್ಪತ್ರೆಯ ಬಚ್ಚಲಲ್ಲಿ ವೇಣುಗೋಪಾಲ ಸೋಪು ಸವರಿ, ಉಸಿರು ಬಿಗಿಹಿಡಿದು, ಕಾಲು ಗಂಟೆ ತಿರುಗಿಸಿ ಕೊನೆಗೆ ತೆಗೆದ. ಫೋರ್ಕ್‌ಲಿಫ್ಟಿನಲ್ಲಿ ಎರಡು ಟನ್ನು ಎತ್ತೋದು ಸುಲಭ ಅಂದ. ಒಳಗೆ ಕಿರಣದ ಕೆಲಸದ ಹುಡುಗ ಡೆನಿಸ್ ಒಂದೊಂದಾಗಿ ಕೇಳಿದ. ಪಿನ್ನು ಇದೆಯೇ, ಓಲೆ ಇದೆಯೇ, ಹಲ್ಲುಸೆಟ್ಟು ಇದೆಯೇ, ವಿಗ್ ಇದೆಯೇ? ರಜನಿ ಎಲ್ಲದಕ್ಕೂ ಇಲ್ಲ ಅಂದಳು. ಮೂಗುತಿ ಗೆದ್ದ ಉತ್ಸಾಹದಲ್ಲಿ ಜೋರಾಗಿಯೇ ಅಂದಳು.

ವಿಗ್ ಅವಳ ಹತ್ತಿರ ಇರಲಿಲ್ಲ, ನಿಜ. ಚೌರಿ ಇತ್ತು. ಎಂಟು ವರ್ಷದಿಂದ ದಿನಾ ಬೆಳಿಗ್ಗೆ ಬಚ್ಚಲ ಬಾಗಿಲು ಹಾಕಿಕೊಂಡು ತನ್ನ ಮೋಟು ಕೂದಲಿಗೆ ಆ ಚೌರಿಯನ್ನು ಸೇರಿಸಿ, ಸುತ್ತಿ, ತುರುಬು ಕಟ್ಟುತ್ತಿದ್ದಳು. ಇಷ್ಟು ವಯಸ್ಸಿಗೂ ನಿಮ್ಮ ಕೂದಲು ಎಷ್ಟು ದಟ್ಟ ಎಂದು ಗಿರಾಕಿಗಳು ಹೊಗಳಿದಾಗ ಮುಗುಳ್ನಕ್ಕು ಟೇಪು ಎಳೆಯುತ್ತಿದ್ದಳು. ವಿಗ್ ಅಂದರೆ ನಾಟಕದವರು ತಲೆಗೆ ಕವುಚಿಕೊಳ್ಳುವುದು. ಚೌರಿ ಹಾಗಲ್ಲ, ಅದು ತನ್ನ ಕೂದಲಿಗೇ ಸೇರಿದ್ದು. ಅವಳ ಲೆಕ್ಕದಲ್ಲಿ ಅದು ಸುಳ್ಳಲ್ಲ. ತುರುಬನ್ನು ಕೆಳಕ್ಕೆ ಒತ್ತಿಕೊಂಡು ಮಲಗಿದಳು. ಬಿಸಿನೀರಿನಲ್ಲಿ ಮೆತ್ತಗಾದ ತೂತು ತೂತಿನ ಬಿಳಿ ಹಾಳೆಯನ್ನು ಮುಖದ ಮೇಲೆ ಎಳೆದು ಕೂರಿಸಿದರು. ಬಿಸಿ ದೋಸೆ ಹೊದ್ದ ಹಾಗಿತ್ತು. ಹತ್ತು ನಿಮಿಷಕ್ಕೆ ಅದು ಗಟ್ಟಿಯಾಗಿ ಅವಳ ಮುಖವೇ ಆಯಿತು.

ಎರಡು ವಾರದ ಮೇಲೆ ಮೊದಲ ಚಿಕಿತ್ಸೆ. ಅಂಬುಜಾ ಕಾರಿನಲ್ಲಿ ಕರೆತಂದಿದ್ದರು, ಅವರೂ ವೇಣುಗೋಪಾಲನೂ ಹೊರಗೆ ಕೂತರು. ಡೆನಿಸ್ ಮುಖವಾಡವನ್ನು ಮೇಜಿಗೆ ಚಟಚಟ ಬಿಗಿದ. ಏನಾದರೂ ಬೇಕಾದರೆ ಕೈ ಎತ್ತಿ, ನಿಲ್ಲಿಸುತ್ತೇವೆ ಅಂದ. ಸರಿಯಾಗಿದೆಯೇ ಎಂದು ಕೇಳಿದ.

ಸರಿಯಾಗಿರಲಿಲ್ಲ. ಹಣೆಯಲ್ಲಿ ಬಿಗಿ, ಗದ್ದದಲ್ಲಿ ಒಂದು ನೂಲು ಸಡಿಲ. ಬೇರೆ ಯಾರಿಗಾದರೂ ಗೊತ್ತಾಗುತ್ತಿತ್ತೋ ಇಲ್ಲವೋ, ಮೂವತ್ತೈದು ವರ್ಷ ಇನ್ನೊಬ್ಬರ ಮೈಮೇಲೆ ಬಟ್ಟೆ ಹೇಗೆ ಕೂತಿದೆ ಎಂದು ನೋಡಿದವಳಿಗೆ ಗೊತ್ತಾಗದೆ ಇರುವುದು ಹೇಗೆ? ಯಾಕೆ ಎಂದು ಯೋಚಿಸಿದಳು. ಸ್ಟೀರಾಯ್ಡ್ ಗುಳಿಗೆಗೆ ಮುಖ ಅಷ್ಟೇನೂ ಊದಿರಲಿಲ್ಲ. ಆಗ ಹೊಳೆಯಿತು. ಇವತ್ತು ಅವಸರದಲ್ಲಿ ತುರುಬನ್ನು ಒಂದು ಬೆರಳು ಕೆಳಗೆ ಕಟ್ಟಿದ್ದಳು. ನಾಡಿದ್ದು ಇನ್ನೊಂದು ಬೆರಳು ಮೇಲೆ ಹೋದೀತು. ಐದು ದಿನ ಐದು ತುರುಬು, ಐದು ತಲೆ. ಅಲ್ಲಿ ಕೈಯ ಜಾಗಕ್ಕೂ ಗಡ್ಡೆಗೂ ನಡುವೆ ಇರುವುದೇ ಒಂದು ನೂಲು.

ಆದರೂ ಬಾಯಿಗೆ ಬಂದ ಮಾತು ಓಕೆ ಎನ್ನುವುದೇ. ಅವಳ ಗಿರಾಕಿಗಳೂ ಹೀಗೆಯೇ. ಕನ್ನಡಿಯ ಮುಂದೆ ನಿಂತು ಸರಿಯಾಗಿದೆ ರಜನಿ, ತುಂಬಾ ಚೆನ್ನಾಗಿದೆ ಎಂದು ಸಂಕೋಚದಿಂದ ಹೇಳಿ ಹೋಗಿ, ವಾರದ ಮೇಲೆ ಬಿಚ್ಚಿಸಲು ತರುತ್ತಾರೆ. ಈಗ ಬಾಯಿ ಬಿಟ್ಟರೆ ಚೌರಿಯ ಗುಟ್ಟು ಆಸ್ಪತ್ರೆಗೆಲ್ಲ, ಅಲ್ಲಿಂದ ಸ್ಟ್ಯಾನ್ಮೋರಿಗೆಲ್ಲ. ಬಾಯಿ ಬಿಡದಿದ್ದರೆ ಕೈಯೇ ಹೋದೀತು. ಇದನ್ನು ಬಿಚ್ಚಿ ಹೊಲಿಯಲು ಆಗುವುದಿಲ್ಲ.

ಅವಳು ಕೈ ಎತ್ತಿದಳು. ಎಡಗೈಯನ್ನೇ ಎತ್ತಿದಳು. ಅದು ಅರ್ಧದಲ್ಲಿ ಒಂದು ಕಡೆ ವಾಲಿತು, ಆದರೆ ಮೇಲೆ ಹೋಯಿತು.

ಮುಖವಾಡ ತೆಗೆದ ಮೇಲೆ ಎದ್ದು ಕೂತು ಒಂದೊಂದೇ ಸುತ್ತು ಬಿಚ್ಚಿ, ಚೌರಿಯನ್ನು ಡೆನಿಸನ ಕೈಗೆ ಕೊಟ್ಟಳು. ನನ್ನ ಅಳತೆ ನಾನೇ ತಪ್ಪು ಕೊಟ್ಟೆ, ಕ್ಷಮಿಸು ಮಗು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಅದನ್ನು ಎರಡೂ ಕೈಯಲ್ಲಿ ಮರಿಯನ್ನು ಹಿಡಿದ ಹಾಗೆ ಹಿಡಿದು, ತನ್ನ ಅಜ್ಜಿಗೂ ಚರ್ಚಿಗೆ ಹೋಗುವಾಗ ಇಂಥದ್ದೇ ಒಂದು ಇತ್ತು ಅಂದ. ಕಿರಣ ಬಿಡುವ ಮೊದಲು ಪ್ರತಿ ಸಲವೂ ಚಿತ್ರ ತೆಗೆದು ನೋಡುತ್ತೇವೆ, ತಲೆ ವಾಲಿದ್ದು ನಮಗೂ ಕಾಣುತ್ತಿತ್ತು, ಯಾಕೆಂದು ಹುಡುಕುವುದರಲ್ಲಿ ದಿನ ಹೋಗುತ್ತಿತ್ತು, ನೀವು ಹೇಳಿದ್ದು ಒಳ್ಳೆಯದಾಯಿತು ಎಂದ. ಹೊಸ ಅಚ್ಚು, ಹೊಸ ಸ್ಕ್ಯಾನು, ಇನ್ನೊಂದು ವಾರ ತಡ.

ಹೊರಗೆ ಬಂದಾಗ ತಲೆಯ ಮೇಲೆ ಸೆರಗು ಹೊದ್ದುಕೊಂಡಿದ್ದಳು. ಗಂಡನ ಪಕ್ಕ ಕೂತು ನೆಲ ನೋಡುತ್ತ ಎಲ್ಲ ಹೇಳಿದಳು. ಇಷ್ಟು ವರ್ಷ ನಿಮ್ಮಿಂದ ಮುಚ್ಚಿಟ್ಟೆ ಕಣ್ರೀ ಅಂದಳು.

ವೇಣುಗೋಪಾಲ ಅತ್ತ ಇತ್ತ ನೋಡಿ ಮೆಲ್ಲಗೆ ಹೇಳಿದ. "ಬಚ್ಚಲ ಬಾಗಿಲ ಹಿಂದೆ ನೇತುಹಾಕ್ತೀಯಲ್ಲ. ಮೊದಲನೇ ದಿನ ಇಲಿ ಅಂತ ಚಪ್ಪಲಿ ತಗೊಂಡಿದ್ದೆ. ಆಮೇಲೆ ಅಭ್ಯಾಸ ಆಯ್ತು."

ಅಂಬುಜಾ ಮುಖ ಆ ಕಡೆ ತಿರುಗಿಸಿಕೊಂಡರು. ಅವರ ಭುಜ ಕುಲುಕುತ್ತಿತ್ತು. ಸ್ವಲ್ಪ ಹೊತ್ತಿಗೆ ರಜನಿಯೂ ನಕ್ಕಳು. ಆ ಕೋಣೆಯಲ್ಲಿ ಹಾಗೆ ನಕ್ಕವರು ಕಡಿಮೆ ಇರಬೇಕು, ಎದುರಿಗೆ ಕೂತಿದ್ದ ಮುದುಕನೊಬ್ಬ ಏನೂ ಅರ್ಥವಾಗದೆ ತಾನೂ ನಕ್ಕ.

ಹೊಸ ಮುಖವಾಡ ಚರ್ಮದ ಹಾಗೆ ಕೂತಿತು. ಐದು ಸಲವೂ ರಜನಿ ಬರೀ ಮೋಟು ಕೂದಲಿನಲ್ಲೇ ಹೋದಳು. ಒಳಗೆ ಅಲುಗಾಡದೆ ಮಲಗಿರುವಾಗ ಮನಸ್ಸಿನಲ್ಲೇ ಒಂದು ರವಿಕೆ ಹೊಲಿದಳು. ಮೊದಲ ದಿನ ಬೆನ್ನು, ಎರಡನೆಯ ದಿನ ಮುಂಭಾಗ, ಮೂರನೆಯ ದಿನ ಪಟ್ಟಿ. ನಾಲ್ಕನೆಯ ದಿನ ನಿದ್ದೆ ಬಂದುಬಿಟ್ಟಿತು. ಐದನೆಯ ದಿನ ತೋಳು ಕೂರಿಸುವುದರಲ್ಲಿ ಡೆನಿಸ್ ಬಂದು ಮುಗಿಯಿತು ಅಂದ, ಒಂದೇ ತೋಳಿನ ರವಿಕೆ ಹಾಗೇ ಉಳಿಯಿತು. ಆಮೇಲೆ ಒಂದು ತಿಂಗಳು ಸುಸ್ತು. ಮಧ್ಯಾಹ್ನವೆಲ್ಲ ಮಲಗುತ್ತಿದ್ದಳು. ಎದ್ದಾಗ ಹಳೆಯ ಬೆಡ್‌ಶೀಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡು, ಎಡಗೈಯಲ್ಲಿ ಬಟ್ಟೆ ಸರಿಸುತ್ತ ಹೊಲಿಗೆ ಕಲಿಯುವ ಹುಡುಗಿಯಂತೆ ಗೆರೆಯ ಮೇಲೆ ಮಿಷನ್ನು ಓಡಿಸುತ್ತಿದ್ದಳು. ಮೊದಮೊದಲು ಗೆರೆ ಒಂದು ಕಡೆ, ಹೊಲಿಗೆ ಒಂದು ಕಡೆ. ಬೆಡ್‌ಶೀಟು ತುಂಬಿತು, ಇನ್ನೊಂದು ಬಂತು. ನಾಲ್ಕನೆಯ ಬೆಡ್‌ಶೀಟಿನ ಹೊತ್ತಿಗೆ ಎರಡೂ ಒಂದಾದವು.

ಮೂರು ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ಸುತ್ತಲ ಊತ ಇಳಿದಿತ್ತು. ಹೆಲೆನ್ ಇಲ್ಲೂ ಖಂಡಿತ ಎನ್ನಲಿಲ್ಲ. ಇನ್ನು ಮೂರು ಮೂರು ತಿಂಗಳಿಗೊಮ್ಮೆ ನೋಡುತ್ತಿರೋಣ ಎಂದರು. ಮೂರು ತಿಂಗಳೆಂದರೆ ಮೂವತ್ತು ರವಿಕೆ ಎಂದು ರಜನಿ ಹೇಳಿದಳು.

ಮರುದಿನ ಅಂಬುಜಾ ಬಂದರು. ಕೈಯಲ್ಲಿ ಜುಲೈ ತಿಂಗಳ ಆ ಡೊಂಕು ರವಿಕೆ. ಬಿಸಾಡಿರಬಹುದು ಎಂದುಕೊಂಡಿದ್ದಳು ರಜನಿ. ಅದನ್ನು ಹಾಂಗ ಬಿಸಾಡಾಕ ಆಗತದೇನು, ಅದ ಅಲ್ಲೇನು ನಿನ್ನ ರೋಗ ಹಿಡದಿದ್ದು ಎಂದು ಅವರು ಮಿಷನ್ನಿನ ಮೇಲೆ ಇಟ್ಟರು. ರಜನಿ ಎಡತೋಳನ್ನು ಪೂರ್ತಿ ಬಿಚ್ಚಿದಳು. ಬಿಚ್ಚಿದ ಮೇಲೆ ಹೊಸದಾಗಿ ಅಳತೆ ನೋಡಿಯೇ ಬಿಡೋಣ ಎಂದು ಟೇಪು ತೆಗೆದಳು. ಅವಳ ತಲೆಯಲ್ಲಿ ಈಗ ತುರುಬಿರಲಿಲ್ಲ, ಕಿವಿಯ ಮಟ್ಟಕ್ಕೆ ಕತ್ತರಿಸಿದ ನರೆಗೂದಲು. ಮೂಗುತಿ ಮಾತ್ರ ವಾಪಸ್ಸು ಬಂದಿತ್ತು.

ಟೇಪು ಕಂಡದ್ದೇ ತಡ, ಅಂಬುಜಾ ನೆಟ್ಟಗೆ ನಿಂತು ಹೊಟ್ಟೆ ಒಳಗೆಳೆದುಕೊಂಡರು. ಎಂದಿನ ಹಾಗೆ ಊರಿನ ಸುದ್ದಿ ತೆಗೆಯುವ ಗೋಜಿಗೆ ರಜನಿ ಹೋಗಲಿಲ್ಲ. ಎಡಗೈಯಲ್ಲಿ ಟೇಪಿನ ತುದಿಯನ್ನು ಬಿಗಿಯಾಗಿ ಹಿಡಿದು, ಅವರ ಮುಖವನ್ನೇ ನೋಡಿದಳು.

"ನಾನು ಚೌರಿ ಬಿಚ್ಚಿಟ್ಟಾಯ್ತು ಡಾಕ್ಟ್ರೇ. ಇನ್ನು ನೀವು ಉಸಿರು ಬಿಡಿ."

ಅಂಬುಜಾ ಅರೆಗಳಿಗೆ ತಡೆದರು. ಆಮೇಲೆ ಉಸಿರು ಬಿಟ್ಟರು. ಪುಸ್ತಕದಲ್ಲಿ ಎಷ್ಟೋ ವರ್ಷದ ಹಿಂದಿನ ನಂಬರಿನ ಮೇಲೆ ಗೆರೆ ಎಳೆದು, ರಜನಿ ಎರಡಿಂಚು ಹೆಚ್ಚಿಗೆ ಬರೆದುಕೊಂಡಳು.